ಮೂರನೆಯ ಬೆಂಕಿಪೊಟ್ಟಣ

"ಕನ್ನಡಕ ತೆಗೀರೋ! ಹೋಗೋನಿಗೆ ಯಾಕ್ರೋ ಕನ್ನಡಕ!" ಎಂದು ಕೂಗುತ್ತ ಕಾಂತರಾಜು ಜನರ ನಡುವೆ ನುಗ್ಗಿದ ರಭಸಕ್ಕೆ ತಮಟೆಯವನ ಕೈಲಿದ್ದ ಕೋಲು ಹಾರಿ ಹುಣಸೆಮರದ ತುದಿಗೆ ಸಿಕ್ಕಿಕೊಂಡಿತು. ತುದಿಗಲ್ಲದಿದ್ದರೂ ಚಪ್ಪರದ ಗರಿಗಂತೂ ಸಿಕ್ಕಿಕೊಂಡಿದ್ದು ನಿಜ.

ಅಂಗಳದ ಗೋಡೆಗೆ ಒರಗಿಸಿ ದೊಡ್ಡಬೀರಪ್ಪನನ್ನು ಕೂರಿಸಿದ್ದರು. ಹಣೆ ತುಂಬ ಭಂಡಾರ, ಕೊರಳಲ್ಲಿ ಚೆಂಡುಹೂವಿನ ಹಾರ, ತಲೆಗೆ ಹೊಸ ಟವೆಲಿನ ಪೇಟ. ಮೂಗಿನ ಮೇಲೆ ಸೋಡಾ ಬಾಟ್ಲಿಯ ತಳದಂಥ ದಪ್ಪ ಗಾಜಿನ ಕನ್ನಡಕ. ಅದರ ಹಿಂದೆ ಮುಚ್ಚಿದ ಎರಡು ರೆಪ್ಪೆಗಳು ಒಂದೊಂದು ಮುದ್ದೆಯಷ್ಟು ದೊಡ್ಡದಾಗಿ ಕಾಣುತ್ತಿದ್ದವು.

"ಸುಮ್ನಿರಣ್ಣ ಕಾಂತರಾಜಣ್ಣ," ಎಂದ ಮಗ ನರೇಶ. ಅತ್ತೂ ಅತ್ತೂ ಅವನ ದನಿ ಬಿದ್ದುಹೋಗಿತ್ತು. "ಆರು ವರ್ಷದಿಂದ ಮಲಗೋವಾಗ್ಲೂ ತೆಗೀತಿರ್ಲಿಲ್ಲ ಅಪ್ಪ. ಅದೂ ಜೊತೇಲೇ ಹೋಗ್ಲಿ ಅಂದ್ಳು ಅವ್ವ."

ಕಾಂತರಾಜು ಕೈ ಹಿಂದಕ್ಕೆ ತೆಗೆದುಕೊಂಡ. ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ ಸುಡುತ್ತಿರುವಂತೆ ಅನ್ನಿಸಿ, ಅದನ್ನೊಮ್ಮೆ ಮೇಲಿಂದಲೇ ಮುಟ್ಟಿ ನೋಡಿಕೊಂಡ.

ತೊಂಬತ್ತಾರನೇ ಇಸವಿ. ಶಿವರಾತ್ರಿ ಕಳೆದು ಚಳಿ ಶಿವಶಿವಾ ಅಂತ ಓಡಿಹೋಗಿತ್ತು. ರಾಜಘಟ್ಟದ ಆ ಅಂಗಳಕ್ಕೆ ದೊಡ್ಡಬಳ್ಳಾಪುರದ ಅರ್ಧ ಊರು ಬಂದಾಗಿತ್ತು, ಉಳಿದರ್ಧ ದಾರಿಯಲ್ಲಿತ್ತು. ಬಾರಿನ ಕೌಂಟರಿನಲ್ಲಿ ಬಾಟ್ಲಿ ಎತ್ತಿಕೊಡುತ್ತಿದ್ದವನ ಸಾವಿಗೆ ಇಷ್ಟು ಜನವೇ ಎಂದು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಪಿಸುಗುಟ್ಟಿದರು. ಅವರಿಗೇನು ಗೊತ್ತು, ಆ ಕೌಂಟರಿನ ಆಚೆ ಅವನು ಆಳಿದ ರಾಜ್ಯ ಎಂಥದ್ದೆಂದು!

*

ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಬಾರಿಗೆ ಒಂದು ಹೆಸರಿತ್ತಂತೆ. ಬೋರ್ಡಿನ ಬಣ್ಣ ಉದುರಿ ಓನರಿಗೂ ಮರೆತುಹೋಗಿತ್ತು. ಜನ ಹೇಳುತ್ತಿದ್ದದ್ದು ಬೀರಪ್ಪನ ಬಾರು ಎಂದೇ.

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದರೆ ಪವರ್‌ಲೂಮ್ ಮಗ್ಗಗಳು ನಿಲ್ಲುತ್ತವೆ. ಮಗ್ಗ ನಿಂತರೆ ನೇಯುವವರು ಏಳುತ್ತಾರೆ. ಎದ್ದವರು ಎಲ್ಲಿಗೆ ಹೋಗಬೇಕು? ಒಂದೇ ಏಟಿಗೆ ಇನ್ನೂರು ಜನ ಆ ಕೌಂಟರಿನ ಮೇಲೆ ಬೀಳುತ್ತಿದ್ದರು. ಬೀರಪ್ಪ ಬರುವುದಕ್ಕೆ ಮುಂಚೆ ಅಲ್ಲಿ ಅಂಗಿ ಹರಿಯದೆ ಒಂದು ಕ್ವಾರ್ಟರ್ ತಂದವನೇ ಇಲ್ಲ. ಉದ್ದ ಕೈಯವನು ಕುಡಿಯುತ್ತಿದ್ದ, ಗಿಡ್ಡ ಕೈಯವನು ನೋಡುತ್ತಿದ್ದ. ಒಬ್ಬನಂತೂ ಐದು ವರ್ಷ ಹೋಗಿ ಬಂದೂ ಕೌಂಟರಿನ ಮುಖವನ್ನೇ ಕಂಡಿರಲಿಲ್ಲವಂತೆ.

ಬೀರಪ್ಪ ಬಂದ ಮೂರನೇ ದಿನ ಗ್ರಾನೈಟಿನ ಕೌಂಟರನ್ನು ಒದ್ದೆಬಟ್ಟೆಯಲ್ಲಿ ಒರೆಸಿ ಒಂದೇ ಮಾತು ಹೇಳಿದ.

"ಜನ ನಿಲ್ಲೋದು ಬೇಡ. ಪೊಟ್ಣ ನಿಲ್ಲಲಿ."

ಅಲ್ಲಿಂದ ಶುರುವಾಯಿತು. ಬಂದವನು ತನ್ನ ಬೆಂಕಿಪೊಟ್ಟಣವನ್ನು ಕೌಂಟರಿನ ಮೇಲೆ ಸಾಲಿನ ಕೊನೆಗಿಟ್ಟು ಹೊರಗಿನ ಬೆಂಚಿನ ಮೇಲೆ ಕೂತು ಹರಟೆ ಹೊಡೆಯಬಹುದು. ಸರದಿ ಬಂದಾಗ ಬೀರಪ್ಪ ಆ ಪೊಟ್ಟಣವನ್ನು ಬೆರಳಲ್ಲಿ ಎರಡು ಸಲ ಕುಟ್ಟಿ, ಅದರ ಒಡೆಯನ ಮುಖ ನೋಡಿ "ನಿಂದು" ಅನ್ನುತ್ತಿದ್ದ. ಮೇಷ್ಟ್ರಿಗೂ ನಿಂದು, ಮೂಟೆ ಹೊರುವವನಿಗೂ ನಿಂದು. ಯಾರ ಪೊಟ್ಟಣದಿಂದ ಯಾರು ಬೇಕಾದರೂ ಬೀಡಿ ಹಚ್ಚಬಹುದಿತ್ತು. ಆದರೆ ಎತ್ತಿದ ಜಾಗಕ್ಕೇ ವಾಪಸ್ ಇಡಬೇಕು. ಬೀಡಿ ಸೇದದವರೂ ಪೊಟ್ಟಣ ಕೊಳ್ಳತೊಡಗಿದರು. ಪಕ್ಕದ ಬೀಡಾ ಅಂಗಡಿಯವನು ಆ ವ್ಯಾಪಾರದಲ್ಲೇ ಮೂರಂತಸ್ತಿನ ಮನೆ ಕಟ್ಟಿದ. ಸರಿ, ಒಂದಂತಸ್ತು. ಅದೂ ಶೀಟಿನದು.

ಒಮ್ಮೆ ರಸ್ತೆ ಕಂಟ್ರಾಕ್ಟರನೊಬ್ಬ ಕಾರಿಂದ ಇಳಿಯದೆ ಹಾರ್ನ್ ಬಾರಿಸಿದ. ಡ್ರೈವರು ಓಡಿ ಬಂದು, "ಸಾಹುಕಾರ್ರು ಬಂದವ್ರೆ, ಬೇಗ," ಎಂದ.

"ಅವ್ರ ಪೊಟ್ಣ ಎಲ್ಲಿ?" ಎಂದ ಬೀರಪ್ಪ, ತಲೆ ಎತ್ತದೆ.

ಆ ಕಂಟ್ರಾಕ್ಟರು ಬೀಡಾ ಅಂಗಡಿಯಲ್ಲಿ ಪೊಟ್ಟಣ ಕೊಂಡು, ಹದಿನೇಳನೆಯದಾಗಿ ಇಟ್ಟು, ಬೆಂಚಿನ ಮೇಲೆ ಮಗ್ಗದವರ ನಡುವೆ ಕೂತದ್ದನ್ನು ಕಂಡವರು ಈಗಲೂ ಇದ್ದಾರೆ.

ಹಾಗಂತ ಬೀರಪ್ಪನಿಗೆ ಪೊಟ್ಟಣ ನೆಚ್ಚಿಕೊಳ್ಳುವ ಗತಿಯೇನೂ ಇರಲಿಲ್ಲ. ಅವನ ಕಣ್ಣು ಹದ್ದಿನದು. ಬಾಗಿಲಲ್ಲಿ ಯಾರು ಯಾರ ಹಿಂದೆ ಕಾಲಿಟ್ಟರು ಎಂದು ಹೋದ ವಾರದ್ದನ್ನೂ ಹೇಳಬಲ್ಲವನಾಗಿದ್ದ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸರದಿ ತಪ್ಪಿರಲಿಲ್ಲ. ಆ ಅಕ್ಟೋಬರ್ ಒಂದನೇ ತಾರೀಕಿನ ತನಕ.

*

ಹೊಸಕೋಟೆಗೆ ಕೊಟ್ಟಿದ್ದ ಮಗಳು ಬರುವವರೆಗೂ ಹೆಣ ಎತ್ತುವಂತಿರಲಿಲ್ಲ. ಗಂಡಸರು ಹುಣಸೆಮರದ ಕೆಳಗೆ ಕೂತರು. ಅರ್ಧಕ್ಕರ್ಧ ಹಳೇ ಬಾರಿನ ಬೆಂಚಿನವರೇ.

"ಏನ್ ಮನ್ಷ ಗುರು! ಈಗ್ನೋರು ಕಬ್ಬಿಣದ ಪೈಪು ಹಾಕವ್ರೆ, ದನ ದೊಡ್ಡಿಗೆ ಬಿಟ್ಟಂಗೆ ಬಿಡ್ತಾರೆ. ಆದ್ರೂ ನೂಕಾಟ ತಪ್ಪಿಲ್ಲ," ಎಂದ ಹನುಮಂತರಾಯಪ್ಪ. ಅವನು ಮಗ್ಗದ ಮೇಸ್ತ್ರಿ. "ಬೀರಣ್ಣ ಒಂದು ಸರದೀನೂ ತಪ್ಪಿಸ್ಲಿಲ್ಲ."

"ಒಂದು ತಪ್ಪಿಸ್ದ," ಎಂದ ವೆಂಕಟರಾಯಪ್ಪ.

ವೆಂಕಟರಾಯಪ್ಪ ಕಡ್ಡಿ ಮುರಿದಂತೆ ಮಾತಾಡುವ ಆಸಾಮಿ. ಕೂತರೂ ಬೆನ್ನು ಬಗ್ಗದು. ಅವನ ಪೊಟ್ಟಣವೂ ಹಾಗೇ. ಎಲ್ಲರದೂ ಕೌಂಟರಿನ ಮೇಲೆ ಮಲಗಿದರೆ ಅವನದು ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು.

"ಬಿಡಣ್ಣ, ಇವತ್ತು ಯಾಕೆ ಅದೆಲ್ಲ."

"ಸತ್ತೋರ್ನ ಆಡ್ಕೋಬಾರ್ದು, ಒಪ್ತೀನಿ. ಮಣ್ಣು ಹಾಕೋಕೇ ಬಂದಿದೀನಿ, ಹಾಕ್ತೀನಿ. ಆದ್ರೆ ಅವತ್ತು ಅವ್ನು ನನ್ ಸರದೀನ ಮಾರ್ಕೊಂಡ. ಎಷ್ಟಕ್ಕೆ, ನಂಗ್ ಗೊತ್ತಿಲ್ಲ. ಮಾರ್ಕೊಂಡಿದ್ದು ಗೊತ್ತು."

ಆರು ವರ್ಷದಿಂದ ಇದೊಂದು ಮಾತು ಕಾಂತರಾಜುವಿನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು. ಹೇಳಿಬಿಡೋಣ ಎಂದು ಬೀರಪ್ಪನ ಮನೆಗೆ ನೂರು ಸಲ ಹೋಗಿದ್ದ. ಐದಾರು ಸಲವಂತೂ ಖಂಡಿತ. ಹೋದಾಗಲೆಲ್ಲ ತೂಬಗೆರೆಯಲ್ಲಿ ತಾನು ಚಿರತೆ ಅಟ್ಟಿದ್ದು, ತನ್ನ ಮಗ್ಗದ ಸೀರೆ ದೆಹಲಿಗೆ ಹೋದದ್ದು, ಇಂಥದ್ದೇ ಏನಾದರೂ ಹೊಡೆದು ಕಾಫಿ ಕುಡಿದು ಬಂದಿದ್ದ. ನಿನ್ನೆ ಬೀರಪ್ಪ ಹೋಗೇಬಿಟ್ಟ. ಇನ್ನು ಮಣ್ಣು ಬೀಳುವುದರೊಳಗೆ ಹೇಳದಿದ್ದರೆ 'ಸರದಿ ಮಾರಿಕೊಂಡವನು' ಎಂಬ ಹೆಸರೂ ಬೀರಪ್ಪನ ಜೊತೆಗೇ ಗುಂಡಿಗೆ ಇಳಿಯುತ್ತದೆ.

"ಅವ್ನು ಮಾರ್ಕೊಳ್ಳಲಿಲ್ಲ," ಎಂದ ಕಾಂತರಾಜು. "ಪೊಟ್ಣ ಅದಲುಬದಲು ಮಾಡ್ದೋನು ನಾನು."

*

ಮಾರನೇ ದಿನ ಗಾಂಧಿ ಜಯಂತಿ. ಎಲ್ಲ ಬಾರಿಗೂ ಬೀಗ. ಹಾಗಾಗಿ ತೊಂಬತ್ತನೇ ಇಸವಿಯ ಆ ಸಂಜೆ ಬಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೌಂಟರಿನ ಮೇಲೆ ಪೊಟ್ಟಣಗಳ ರೈಲೇ ನಿಂತಿತ್ತು.

ಕಾಂತರಾಜುವಿನ ಜೊತೆ ಕುಂದಾಣದಿಂದ ಬಂದಿದ್ದ ಭಾವಮೈದ ದೇವೇಂದ್ರನಿದ್ದ. ಬಸ್ಸಿಳಿದ ಗಳಿಗೆಯಿಂದ ಕಾಂತರಾಜು ಅವನ ಕಿವಿ ಕಚ್ಚಿದ್ದ. "ಬೀರಪ್ಪ ಯಾರ್ಗೂ ಜಗ್ಗಲ್ಲ ಅಂತಾರಲ್ಲ? ನನ್ ತಲೆ ಕಂಡ್ರೆ ಸಾಕು, ಸಾಲು ಬಿಟ್ಟು ಕೊಡ್ತಾನೆ. ನೋಡ್ತಿರು ಬೇಕಾದ್ರೆ."

ದೇವೇಂದ್ರ ನೋಡುತ್ತಲೇ ಇದ್ದ. ಕಾಂತರಾಜುವಿನ ಪೊಟ್ಟಣ ಏಳನೆಯದು. ಅದಕ್ಕೆ ಸುತ್ತಿದ್ದ ಕೆಂಪು ರೇಷ್ಮೆದಾರ ದೂರಕ್ಕೇ ಕಾಣುತ್ತಿತ್ತು. ಮೂರನೆಯದು ವೆಂಕಟರಾಯಪ್ಪನದು, ನೆಟ್ಟಗೆ.

ಬೀರಪ್ಪ ಕೌಂಟರಿನ ಕೆಳಗೆ ಬಗ್ಗಿ ಕೇಸು ತಡಕಿದ. "ಮೂರೇ ಉಳಿದಿರೋದು," ಎಂಬ ದನಿ ಕೆಳಗಿನಿಂದ ಬಂತು. ಇಡೀ ಬಾರು ಹಾ ಎಂದಿತು.

"ಏನ್ ಭಾವ," ಎಂದ ದೇವೇಂದ್ರ, ತುಟಿಯಂಚಲ್ಲೇ ನಕ್ಕು. "ತಲೆ ಕಾಣ್ಲಿಲ್ವೇನೋ ಅವ್ನಿಗೆ?"

ಆ ನಗು ಕಾಂತರಾಜುವಿನ ಎದೆಗೆ ನಾಟಿತು. ಬೀಡಿ ಹಚ್ಚುವವನಂತೆ ಮುಂದೆ ಬಗ್ಗಿದ. ಎಡಗೈಲಿ ತನ್ನ ಪೊಟ್ಟಣ, ಬಲಗೈಲಿ ವೆಂಕಟರಾಯಪ್ಪನದು. ಒಂದು ಕಡ್ಡಿ ಗೀರಿದ, ಬೀಡಿ ಹಚ್ಚಿದ. ತನ್ನದನ್ನು ಮೂರನೆಯ ಜಾಗಕ್ಕಿಟ್ಟ, ಅವನದನ್ನು ಏಳಕ್ಕೆ. ಅವಸರಕ್ಕೆ ಆ ಪೊಟ್ಟಣ ನಿಲ್ಲದೆ ಅಡ್ಡಬಿತ್ತು. ಬೀಳಲಿ ಎಂದು ಬಿಟ್ಟ.

ಬೀರಪ್ಪ ಎದ್ದ. ಮೊದಲನೆಯದು ಕುಟ್ಟಿದ, ಎರಡನೆಯದು ಕುಟ್ಟಿದ. ಮೂರನೆಯದಕ್ಕೆ ಬಂದ ಬೆರಳು ಗಾಳಿಯಲ್ಲೇ ನಿಂತಿತು. ಅವನ ಕಣ್ಣು ವೆಂಕಟರಾಯಪ್ಪನ ಮುಖಕ್ಕೆ ಹೋಯಿತು, ಕೆಂಪು ದಾರಕ್ಕೆ ಬಂತು, ಮತ್ತೆ ಮುಖಕ್ಕೆ ಹೋಯಿತು. ಅಷ್ಟು ಹೊತ್ತಿನಲ್ಲಿ ಒಂದು ಸೀರೆ ನೇಯಬಹುದಿತ್ತು ಎಂದು ಕಾಂತರಾಜುವಿಗೆ ಅನ್ನಿಸಿತು.

ಟಕ್, ಟಕ್. "ನಿಂದು."

ಕೊನೆಯ ಕ್ವಾರ್ಟರು ಕಾಂತರಾಜುವಿನ ಕೈಗೆ ಬಂತು. ದೇವೇಂದ್ರನ ಕಣ್ಣು ಬಟ್ಟಲಾಯಿತು.

"ಏಯ್, ನಾನ್ ಮೂರ್ನೆಯೋನು!" ಎಂದು ವೆಂಕಟರಾಯಪ್ಪ ಕೂಗಿದ. "ಸರದಿ ಮಾರ್ಕೊಂಡ್ಯೇನೋ ಬೀರ?"

ಕಾಂತರಾಜು ಬಾಯಿ ತೆರೆದ. ಪಕ್ಕದಲ್ಲಿ ದೇವೇಂದ್ರನಿದ್ದ. ಬಾಯಿ ಮುಚ್ಚಿದ.

ಬೀರಪ್ಪ ಎರಡೂ ಪೊಟ್ಟಣಗಳನ್ನು ಇನ್ನೊಮ್ಮೆ ನೋಡಿದ. ಹೆಗಲ ಮೇಲಿನ ಒರೆಸುವ ಬಟ್ಟೆ ತೆಗೆದು ಕೌಂಟರಿನ ಮೇಲಿಟ್ಟ. "ತಪ್ಪು ನಂದೇ ಕಣಣ್ಣ," ಎಂದು ಪಕ್ಕದ ಬಾಗಿಲಿಂದ ಹೊರಗೆ ಹೋದವನು ಮತ್ತೆ ಆ ಕಡೆ ಕಾಲಿಡಲಿಲ್ಲ.

ಮಾರನೇ ದಿನ ಸ್ಕೂಲಿನಲ್ಲಿ ಕಣ್ಣು ಪರೀಕ್ಷೆಯ ಕ್ಯಾಂಪಿತ್ತು. "ನಿನ್ನ ಕಣ್ಣಲ್ಲಿ ನಕ್ಷತ್ರ ಎಣಿಸ್ಬೋದು, ಹೋಗಯ್ಯ," ಎಂದರು ಡಾಕ್ಟರು. ಬೀರಪ್ಪ ನಂಬಲಿಲ್ಲ. ಸಂತೆಗೆ ಹೋಗಿ ರಾಶಿಯಲ್ಲಿ ಎಲ್ಲಕ್ಕಿಂತ ದಪ್ಪ ಗಾಜಿನ ಕನ್ನಡಕ ಆರಿಸಿ ಹಾಕಿಕೊಂಡ. ಅಲ್ಲಿಂದಾಚೆ ಮಗ್ಗದ ಶೆಡ್ಡೊಂದರಲ್ಲಿ ದಾರ ಸುತ್ತುತ್ತ, ಹೊಸ್ತಿಲು ಎಡವುತ್ತ, ಎದುರಿಗೆ ಬಂದವರನ್ನು ದನಿಯಿಂದ ಗುರುತು ಹಿಡಿಯುತ್ತ ಆರು ವರ್ಷ ತಳ್ಳಿದ.

*

ಹುಣಸೆಮರದ ಕೆಳಗೆ ಕೂತಿದ್ದ ಹನುಮಂತರಾಯಪ್ಪ ಇದನ್ನು ಕೇಳಿ ಕಿಸಕ್ಕನೆ ನಕ್ಕ. ಸಾವಿನ ಮನೆಯೆಂಬುದು ನೆನಪಾಗಿ ಟವೆಲು ಬಾಯಿಗೆ ತುರುಕಿಕೊಂಡ.

"ಲೇ ಕಾಂತ, ಇಲ್ಲೂ ಬಿಡಲ್ವಲ್ಲೋ ನಿನ್ ಪುರಾಣಾನ!"

"ಚಿರತೆ ಅಟ್ಟಿದ್ದೂ ಇವ್ನೇ, ಪೊಟ್ಣ ಕದ್ದಿದ್ದೂ ಇವ್ನೇ," ಎಂದಿತು ಇನ್ನೊಂದು ದನಿ.

ಊರಲ್ಲಿ ಅವನಿಗೆ 'ಹತ್ತುಪಟ್ಟು ಕಾಂತರಾಜು' ಎಂದೇ ಹೆಸರು. ಅವನು ಹೇಳಿದ್ದನ್ನು ಹತ್ತರಿಂದ ಭಾಗಿಸಿ ಕೇಳಬೇಕೆಂಬುದು ಮೂರು ಹೋಬಳಿಗೂ ಗೊತ್ತಿದ್ದ ಲೆಕ್ಕ.

"ತಾಯಾಣೆ," ಎಂದ ಕಾಂತರಾಜು. ಅವನ ದನಿ ಎಂದಿನ ಹಾಗೆ ಏರಲಿಲ್ಲ. "ನಾನೇ ಕಣ್ರಪ್ಪಾ. ಭಾವಮೈದನ ಮುಂದೆ ಮಾನ ಹೋಗ್ತಿತ್ತು ಅಂತ."

"ಬೀರಪ್ಪನ ಕಣ್ಮುಂದೆ, ನನ್ ಕಣ್ಮುಂದೆ, ಇನ್ನೂರು ಜನದ ಮುಂದೆ, ನೀನು?" ವೆಂಕಟರಾಯಪ್ಪ ಅವನ ಕೈಗಳನ್ನೇ ದಿಟ್ಟಿಸಿದ. "ಅಷ್ಟು ಚುರುಕು ಕೈ ಆಗಿದ್ರೆ ಇಷ್ಟೊತ್ಗೆ ನಿಂದೇ ನಾಲ್ಕು ಮಗ್ಗ ಇರ್ತಿತ್ತು. ಇದನ್ನ ಹತ್ರಿಂದ ಭಾಗಿಸಿದ್ರೆ ಏನೂ ಉಳಿಯಲ್ಲ, ಹೋಗೋ."

ಜೀವಮಾನದಲ್ಲಿ ಮೊದಲ ಸಲ ಒಂದು ಮಾತನ್ನೂ ಉಬ್ಬಿಸದೆ ಹೇಳಿದ್ದ. ಅದಕ್ಕೂ ಇದೇ ಗತಿ. ಕಾಂತರಾಜು ಎದ್ದು ಹಿಂದೆ ತಿರುಗಿದ. ನೀರಿನ ಚೊಂಬು ಹಿಡಿದು ಬೀರಪ್ಪನ ಹೆಂಡತಿ ಸಪ್ಪಲಮ್ಮ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ.

"ವೆಂಕಟರಾಯಪ್ಪಣ್ಣನ ಪೊಟ್ಣಾನ ಏಳ್ನೇ ಜಾಗಕ್ಕೆ ಇಟ್ಟೆ ಅಂದ್ಯಲ್ಲ," ಎಂದಳು. "ಹೆಂಗಿಟ್ಟೆ?"

"ಹೆಂಗೆ ಅಂದ್ರೆ... ನಿಲ್ಸೋಣ ಅಂತಿದ್ದೆ ಅತ್ಗೆ. ಅವಸ್ರ ಇತ್ತು. ಅಡ್ಡ ಬಿದ್ದೋಯ್ತು. ಹಂಗೇ ಬಿಟ್ಟೆ."

ಸಪ್ಪಲಮ್ಮ ಚೊಂಬನ್ನು ನೆಲಕ್ಕಿಟ್ಟಳು. ಆ ಸಂಜೆ ಮನೆಗೆ ಬಂದ ಗಂಡ, ಉಣ್ಣದೆ ಕೂತು ಹೇಳಿದ್ದ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. 'ವೆಂಕಟರಾಯಪ್ಪನ ಪೊಟ್ಣ ಯಾವತ್ತೂ ಮಲಗಲ್ಲ ಕಣೆ. ಇವತ್ತು ನನ್ ಕಣ್ಗೆ ಮಲಗಿದಂಗೆ ಕಾಣ್ತು. ಪೊಟ್ಣ ಸುಳ್ಳು ಹೇಳುತ್ತಾ? ಕಣ್ಣೇ ಹೋಯ್ತು ನಂದು.'

ಕಾಂತರಾಜು ಬೈಗುಳಕ್ಕೆ ಕಾದ. ಕಪಾಳಕ್ಕೂ ಕಾದ. ಅವಳು ಚೊಂಬನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅಷ್ಟರಲ್ಲಿ ಹೊಸಕೋಟೆಯ ಮಗಳು ಬಂದಳೆಂದು ಗೋಳು ಎದ್ದಿತು.

*

ಕೆರೆಯ ಹಿಂದಿನ ಸ್ವಂತ ಹೊಲದಲ್ಲಿ ಗುಂಡಿ ತೋಡಿದ್ದರು. ಹೆಂಗಸರು ಬದುವಿನ ಮೇಲೆ ನಿಂತರು. ಸಪ್ಪಲಮ್ಮ ಮಾತ್ರ ಗುಂಡಿಯವರೆಗೂ ಬಂದಳು. ಬೀರಪ್ಪನನ್ನು ಕೆಳಗಿಳಿಸಿ ಮಲಗಿಸಿದ್ದಾಯಿತು. ನರೇಶ ಮಣ್ಣಿಗೆ ಕೈ ಹಾಕಿದ.

"ತಡಿ ಮಗ," ಎಂದಳು ಸಪ್ಪಲಮ್ಮ. "ಕೆಳಗಿಳಿದು ಆ ಕನ್ನಡಕ ತೆಗಿ."

"ಬೆಳಿಗ್ಗೆ ನೀನೇ ಬೇಡ ಅಂದ್ಯಲ್ಲವ್ವ?"

"ಈಗ ತೆಗಿ ಅಂತಿದೀನಿ. ನಿಮ್ಮಪ್ಪನ ಕಣ್ಣಿಗೆ ಏನೂ ಆಗಿರ್ಲಿಲ್ಲ."

ನರೇಶ ಇಳಿದು ಕನ್ನಡಕ ಬಿಚ್ಚಿ ಅವ್ವನ ಕೈಗೆ ಕೊಟ್ಟ. ಮೂಗಿನ ಎರಡೂ ಬದಿ ಆರು ವರ್ಷದ ಗುರುತು ಹಳ್ಳ ಬಿದ್ದಿತ್ತು. ಗುಂಡಿಯ ಆಚೆ ವೆಂಕಟರಾಯಪ್ಪ ನಿಂತಿದ್ದ. ಅವನು ಸಪ್ಪಲಮ್ಮನನ್ನು ನೋಡಿದ, ಕಾಂತರಾಜುವನ್ನು ನೋಡಿದ. ಎಂದೂ ಬಗ್ಗದ ಬೆನ್ನು ಅಂದು ಬಗ್ಗಿತು. ಹೆಗಲ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಮೂರು ಹಿಡಿ ಮಣ್ಣು ಹಾಕಲು ಮಗನ ಹಿಂದೆ ಅಣ್ಣತಮ್ಮಂದಿರು, ಅವರ ಹಿಂದೆ ಬಾರಿನ ಬೆಂಚು ನುಗ್ಗಿತು. ಭೂಮಿ ನಡುಗಿತು. ಭೂಮಿಯಲ್ಲದಿದ್ದರೆ ಗುಂಡಿಯ ಅಂಚು. ಮಣ್ಣು ಜರಿದು ನರೇಶ ಒಳಗೆ ಬೀಳುವುದರಲ್ಲಿದ್ದ.

"ಲೇ, ನೂಕಬೇಡ್ರಲೇ!"

"ನಾನ್ ಮೊದ್ಲು ಬಂದಿದ್ದು!"

"ನಿಂಗೇನು ಲಾ ಅರ್ಜೆಂಟು?"

ಕಾಂತರಾಜು ಜೇಬಿಗೆ ಕೈ ಹಾಕಿದ. ಕೆಂಪು ದಾರ ಸುತ್ತಿದ ಪೊಟ್ಟಣ ತೆಗೆದು ಬದುವಿನ ಚಪ್ಪಡಿ ಕಲ್ಲಿನ ಮೇಲೆ, ಕಟ್ಟಕಡೆಗೆ ಇಟ್ಟ. ಹನುಮಂತರಾಯಪ್ಪ ಅದನ್ನು ನೋಡಿದ, ತನ್ನ ಪೊಟ್ಟಣ ತೆಗೆದು ಅದರ ಮುಂದಿಟ್ಟ. ಗದ್ದಲ ತಾನಾಗಿಯೇ ಇಳಿಯಿತು. ನೋಡ ನೋಡುತ್ತ ಕಲ್ಲಿನ ಉದ್ದಕ್ಕೂ ಸಾಲು ಬೆಳೆಯಿತು. ಜನ ದೂರ ಸರಿದು ಬದುವಿನ ಮೇಲೆ ಕೂತರು. ನರೇಶನ ಬಳಿ ಪೊಟ್ಟಣವಿರಲಿಲ್ಲ. ಯಾರೋ ಕೊಟ್ಟರು, ಅದು ಮೊದಲನೆಯದಾಯಿತು. ಬೀರಪ್ಪನ ತಮ್ಮನದು ಎರಡನೆಯದು.

ವೆಂಕಟರಾಯಪ್ಪ ತನ್ನದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದ. ಕಾಂತರಾಜು ಹತ್ತಿರ ಹೋಗಿ ಅಂಗೈ ಚಾಚಿದ. ವೆಂಕಟರಾಯಪ್ಪ ಕೊಟ್ಟ. ಕಾಂತರಾಜು ಅದನ್ನು ಮೂರನೆಯ ಜಾಗಕ್ಕೆ ತಂದು ನಿಲ್ಲಿಸಿದ. ಎರಡು ಸಲ ಬಿತ್ತು. ಮೂರನೆಯ ಸಲ ಮಂಡಿಯೂರಿ, ಕಲ್ಲಿನ ಮೇಲಿನ ಮಣ್ಣು ಒರೆಸಿ, ನೆಟ್ಟಗೆ ನಿಲ್ಲಿಸಿದ.

ಒಬ್ಬೊಬ್ಬರಾಗಿ ಎದ್ದರು. ತಮ್ಮ ಪೊಟ್ಟಣ ತೆಗೆದುಕೊಂಡರು, ಮಣ್ಣು ಹಾಕಿದರು, ಹೋದರು. ಕಾಂತರಾಜುವಿನ ಸರದಿ ಇನ್ನೇನು ಬಂತು ಅನ್ನುವಾಗ ಊರಿನ ಕಡೆಯಿಂದ ಸೈಕಲ್ ಬೆಲ್ಲುಗಳು ಕೇಳಿಸಿದವು. ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಗಿತ್ತು. ನಿಂತ ಮಗ್ಗ ಬಿಟ್ಟು ಎದ್ದವರು ಸಾವಿರ ಸೈಕಲ್ಲಿನಲ್ಲಿ ಬಂದಿದ್ದರು. ಕಲ್ಲು ನೋಡಿದ್ದೇ, ಯಾರೂ ಹೇಳದೆ ಜೇಬಿಗೆ ಕೈ ಹಾಕಿದರು. ಕಾಂತರಾಜು ತನ್ನ ಪೊಟ್ಟಣ ಎತ್ತಿಕೊಂಡು, ಅವರೆಲ್ಲ ಇಟ್ಟ ಮೇಲೆ ಮತ್ತೆ ಕೊನೆಗಿಟ್ಟ. ಆಮೇಲೆ ತೂಬಗೆರೆ ಬಸ್ಸಿಳಿದು ನಾಲ್ವರು ಬಂದರು. ಮತ್ತೆ ಎತ್ತಿ ಕೊನೆಗಿಟ್ಟ.

ಹೊತ್ತು ಇಳಿಯಿತು. ಕಲ್ಲಿನ ಮೇಲೆ ಕೆಂಪು ದಾರದ್ದೊಂದೇ ಉಳಿಯಿತು.

"ಹೋಗಪ್ಪಾ, ಇನ್ಯಾರವ್ರೆ?" ಎಂದ ಹಾರೆ ಹಿಡಿದು ಕಾಯುತ್ತಿದ್ದವನು.

ಕಾಂತರಾಜು ಕದಲಲಿಲ್ಲ. ಕೈಕಟ್ಟಿ ಕಲ್ಲನ್ನೇ ನೋಡುತ್ತ ನಿಂತ.

ಗುಂಡಿಯ ಬಳಿಯಿಂದ ಸಪ್ಪಲಮ್ಮ ನಡೆದು ಬಂದಳು. ಕಲ್ಲಿನ ಮುಂದೆ ಬಗ್ಗಿದಳು. ಕೈಲಿದ್ದ ಕನ್ನಡಕವನ್ನು ಮಡಿಸಿ, ಅದರ ತುದಿಯಿಂದ ಪೊಟ್ಟಣವನ್ನು ಎರಡು ಸಲ ಕುಟ್ಟಿದಳು.

"ನಿಂದು."